ಚಿಕ್ಕಮಾವನ ಜರಿಯಂಚಿನ ಲುಂಗಿ

ನಮ್ಮ ಚಿಕ್ಕಮಾವನನ್ನು ನೋಡಿ ಅನ್ನೂರಿನ ಟೌನ್ ಬಸ್ಸೊಂದು ಸ್ಟಾಪೇ ಇಲ್ಲದ ಕಡೆ ಗಕ್ಕನೆ ನಿಂತುಬಿಟ್ಟಿತು ಅಂದರೆ ನೀವು ನಂಬುತ್ತೀರಾ? ಆ ಬಸ್ಸಿನೊಳಗೆ ನಾನೇ ಕೂತಿರದಿದ್ದರೆ ನಾನೂ ನಂಬುತ್ತಿರಲಿಲ್ಲ! ರಸ್ತೆಬದಿಯಲ್ಲಿ ನಿಂತು ಅವರು ತಮ್ಮ ಲುಂಗಿಯನ್ನು ಬಿಚ್ಚಿ ಕೊಡವಿ ಮತ್ತೆ ಎತ್ತಿ ಕಟ್ಟುತ್ತಿದ್ದರು. ಒಣಮೆಣಸಿನಕಾಯಿ ಕೆಂಪಿನ ಲುಂಗಿ. ಮುಂದೆ ಅಪಘಾತವಾಗಿದೆ, ಯಾರೋ ಕೆಂಪು ಬಾವುಟ ತೋರಿಸುತ್ತಿದ್ದಾರೆ ಅಂದುಕೊಂಡು ಡ್ರೈವರ್ ಬ್ರೇಕ್ ಒತ್ತಿದ. ಚಿಕ್ಕಮಾವ ನಿಧಾನವಾಗಿ ಹತ್ತಿ, ಹಿಂದೆ ತಿರುಗಿ ಚಿಕ್ಕತ್ತೆಗೆ ಕೈ ಕೊಟ್ಟು ಹತ್ತಿಸಿಕೊಂಡು, "ಒಳ್ಳೇ ಮನುಷ್ಯ ಕಣಪ್ಪ ನೀನು, ಕೇಳದೇನೇ ನಿಲ್ಲಿಸಿದೆ" ಎಂದು ಅವನಿಗೆ ಕೈ ಮುಗಿದರು.

ಚಿಕ್ಕಮಾವ ಅಂದರೆ ನನ್ನ ಗಂಡನ ಚಿಕ್ಕಪ್ಪ, ಚಿಕ್ಕತ್ತೆ ಅವರ ಹೆಂಡತಿ. ತಮಿಳು ಸೀಮೆಯ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವವರು. ಆ ಮನೆಯಲ್ಲಿ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಸಿಟ್ಟು ಬಂದರೆ ಎರಡೂ. ಈ ಕಡೆಯ ಗಂಡಸರನ್ನು ನೀವು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ಮದುವೆಯಿರಲಿ, ಬ್ಯಾಂಕಿರಲಿ, ಬೀಗರ ಮನೆಯಿರಲಿ, ಗಂಜಿ ಹಾಕಿದ ಬಿಳಿ ಪಂಚೆ, ಇಲ್ಲಿನವರ ಮಾತಲ್ಲಿ ವೇಷ್ಟಿ, ಉಟ್ಟೇ ಹೊರಡಬೇಕು. ಬಣ್ಣದ ಲುಂಗಿ ಏನಿದ್ದರೂ ಮನೆಯ ಹಿತ್ತಲಿಗೆ. ಚಿಕ್ಕಮಾವ ಮಾತ್ರ ಮಗ್ಗಕ್ಕೆ ಏರಿಸಿದ ಒಂದು ಹಾಸಿನ ಸೀರೆಗಳೆಲ್ಲ ನೇಯ್ದು ಇಳಿದ ಮೇಲೆ ತುದಿಯಲ್ಲಿ ಉಳಿಯುವ ನೂಲನ್ನು ಬಿಡದೆ, ಮೂಲೆಯಲ್ಲಿ ಬಿದ್ದ ಬಣ್ಣದ ನೂಲಿನುಂಡೆಗಳನ್ನೆಲ್ಲ ಅಡ್ಡನೂಲಾಗಿ ಹೊಕ್ಕಿಸಿ ತಮಗೊಂದು ಲುಂಗಿ ನೇಯ್ದುಕೊಳ್ಳುವರು. ಅಂಚಿಗೆ ಅಂಗೈಯಗಲ ಜರಿ ಬೇರೆ! "ಊರಿಗೆಲ್ಲ ಬಣ್ಣ ನೇಯ್ದು ನಾನು ಬಿಳಿ ಉಡಬೇಕಾ?" ಅನ್ನುವುದು ಅವರ ವಾದ.

ನಾನು ನಂಜನಗೂಡಿನಿಂದ ಸೊಸೆಯಾಗಿ ಬಂದ ದಿನ ಬಾಗಿಲಲ್ಲಿ ಆರತಿ ತಟ್ಟೆಯ ಪಕ್ಕದಲ್ಲೇ ಅವರು ನಿಂತಿದ್ದರು. ಗಿಳಿಹಸಿರು ಮೈ, ನೇರಳೆ ಪಟ್ಟೆ, ಕೆಳಗೆ ಸಾಲಾಗಿ ಹಂಸಗಳು. ಬಲಗಾಲು ಒಳಗಿಡುವುದನ್ನೂ ಮರೆತು ನಾನು ಬಾಯಿ ಬಿಟ್ಟುಕೊಂಡು ನಿಂತೆ. ನಮ್ಮಮ್ಮ ಹಿಂದಿನಿಂದ ನನ್ನ ಸೊಂಟ ತಿವಿದು ಪಿಸುಗುಟ್ಟಿದಳು. "ಅಯ್ಯೋ ಶಿವನೇ, ಅದ್ಯಾರೇ ಸೀರೆ ಉಟ್ಟುಕೊಂಡು ಮೀಸೆ ಬಿಟ್ಟಿರೋದು?"

ಅದಾದರೂ ಹೋಗಲಿ. ಬೀದಿಯ ಕೊನೆಯ ಮನೆಯ ಹಿರಿಯರು ತೀರಿಕೊಂಡಾಗ ಅರಿಶಿನ ಹಳದಿಯಲ್ಲಿ ಬಂದರಲ್ಲ, ಅದಕ್ಕೇನನ್ನೋಣ! ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು. ನನ್ನ ಗಂಡ ಅವರ ತೋಳು ಹಿಡಿದು, "ಚಿಕ್ಕಪ್ಪ, ಇದು ಸಾವಿನ ಮನೆ" ಎಂದು ಹಲ್ಲು ಕಚ್ಚಿದ.

"ಗೊತ್ತು ಕಣೋ. ಬಿಳಿ ಉಟ್ಟು ಬಂದ್ರೆ ಯಾರೋ ಅಂದ್ಕೊಂಡು ಹಿರಿಯರು ಹೋಗಿಬಿಡ್ತಾರೆ. ಈಗ ನಾನೇ ಅಂತ ಗೊತ್ತಾಯ್ತು" ಎಂದು ಚಿಕ್ಕಮಾವ ಹೆಣದ ಕಾಲಿಗೆ ನಮಸ್ಕಾರ ಮಾಡಿದರು. ಪಕ್ಕದಲ್ಲಿ ಎಂದಿನಂತೆ ಚಿಕ್ಕತ್ತೆ ಅಂಟಿಕೊಂಡೇ ಇದ್ದರು.

ನನಗೆ ಆಶ್ಚರ್ಯವೆಂದರೆ ಆ ಹೆಂಗಸೇ. ಇಂಥ ಗಂಡನ ಜೊತೆ ಬೀದಿಗಿಳಿಯಲು ನಾನಾಗಿದ್ದರೆ ಮುಸುಕು ಹಾಕಿಕೊಳ್ಳುತ್ತಿದ್ದೆ! ಚಿಕ್ಕತ್ತೆ ಉಲ್ಟಾ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಚಿಕ್ಕಮಾವ ಬೀದಿಯ ಆ ಬದಿಗೆ ಹೋಗಿ ಒಂದು ಸುತ್ತು ತಿರುಗಿ ನಿಲ್ಲುವರು. ಚಿಕ್ಕತ್ತೆ ಜಗಲಿಯಿಂದ ಕಣ್ಣು ಕಿರಿದು ಮಾಡಿ ಪರೀಕ್ಷೆ ಮಾಡುವರು. "ಸಾಲದು. ಆ ಕಿತ್ತಳೆ ಉಟ್ಕೊಂಡು ಬನ್ನಿ." ಇವರು ತಕರಾರಿಲ್ಲದೆ ಒಳಗೆ ಹೋಗಿ ಕಿತ್ತಳೆ ಉಟ್ಟು ಬರುವರು. ಚಿಕ್ಕಮಾವನದು ಅರ್ಧ ಹುಚ್ಚು, ಚಿಕ್ಕತ್ತೆಯದು ಪೂರ್ತಿ ಅಂತ ನಾವೆಲ್ಲ ತೀರ್ಮಾನ ಮಾಡಿದ್ದೆವು. ಬೆನ್ನುನೋವು ಅಂತ ಚಿಕ್ಕತ್ತೆ ಮಗ್ಗ ಬಿಟ್ಟಿದ್ದರಲ್ಲ, ಕೆಲಸವಿಲ್ಲದೆ ಗಂಡನಿಗೆ ಸಿಂಗಾರ ಮಾಡುತ್ತಾರೆ ಅಂದುಕೊಂಡೆವು.

ಆದರೆ ನಗುವ ಕಾಲ ಮುಗಿಯಿತು. ಅವರ ಒಬ್ಬಳೇ ಮಗಳು ಸುಧಾ ಮದುವೆಯ ವಯಸ್ಸಿಗೆ ಬಂದಳು. ಮೊದಲು ಬಂದ ಸಂಬಂಧದವರು ಬಾಗಿಲಲ್ಲೇ ಚಿಕ್ಕಮಾವನ ನವಿಲುಬಣ್ಣ ನೋಡಿ ಕಾಫಿ ಕುಡಿದು ಎದ್ದರು. "ಹುಡುಗಿ ಚೆನ್ನಾಗಿದ್ದಾಳೆ, ಅಪ್ಪ ಸ್ವಲ್ಪ ಜಾಸ್ತಿ ಚೆನ್ನಾಗಿದ್ದಾರೆ" ಅಂತ ದಲ್ಲಾಳಿಯ ಕೈಯಲ್ಲಿ ಹೇಳಿಕಳಿಸಿದರು. ಸುಧಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ಕುನ್ನತ್ತೂರಿನ ಜವಳಿ ವ್ಯಾಪಾರದವರು ಬಂದರು. ಅವರೂ ಮನೆಯಲ್ಲಿ ಕನ್ನಡ ಆಡುವವರೇ. ಈ ಸಲ ನಾವು ಹುಷಾರಾದೆವು. ಚಿಕ್ಕಮಾವನನ್ನು ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯೊಳಗೆ ಕೂರಿಸಿಬಿಟ್ಟೆವು. ಸೊಂಟದ ಮೇಲೆ ಬಿಳಿ ಅಂಗಿ, ವಿಭೂತಿ. ಸೊಂಟದ ಕೆಳಗಿನದೆಲ್ಲ ಗುಂಡಿಗೆ ಮಾತ್ರ ಗೊತ್ತು! "ಹೆಣ್ಣು ನೋಡೋ ಹೊತ್ತಲ್ಲೂ ಎದ್ದು ಬರಲಿಲ್ಲ, ಎಂಥ ಶ್ರದ್ಧೆ" ಎಂದು ಹುಡುಗನ ಅಪ್ಪ ಮೆಚ್ಚಿಕೊಂಡರು. ಹುಡುಗ ಒಪ್ಪಿದ, ಸುಧಾ ಎಷ್ಟು ಒಪ್ಪಿದಳೆಂದರೆ ಅಡುಗೆಮನೆಯಲ್ಲಿ ಸುಮ್ಮಸುಮ್ಮನೆ ನಗುತ್ತಿದ್ದಳು.

ನಿಶ್ಚಿತಾರ್ಥ ಕುನ್ನತ್ತೂರಿನ ಮಂಟಪದಲ್ಲಿ. ಅಲ್ಲಿ ಗುಂಡಿ ಎಲ್ಲಿಂದ ತರೋಣ? ನನ್ನ ಗಂಡ ಬಿಳಿ ವೇಷ್ಟಿ ತಂದು ಮುಂದೆ ಇಟ್ಟ. "ಒಂದೇ ಒಂದು ದಿನ ಚಿಕ್ಕಪ್ಪ. ಸುಧಾಗೋಸ್ಕರ." ಚಿಕ್ಕಮಾವ ಚಿಕ್ಕತ್ತೆಯ ಮುಖ ನೋಡಿದರು. ಚಿಕ್ಕತ್ತೆ ವೇಷ್ಟಿಯ ಅಂಚನ್ನು ಬೆರಳಲ್ಲಿ ಸವರಿ ನೋಡಿ, "ಉಟ್ಕೊಳ್ಳಿ" ಅಂದರು. ಬಿಳಿಯಲ್ಲಿ ಹೊರಗೆ ಬಂದಾಗ ಚಿಕ್ಕಮಾವ ಯಾರದೋ ಮನೆಯ ನೆಂಟರಂತೆ ಕಂಡರು. ಕೈಯಲ್ಲಿ ಒಂದು ಹಳದಿ ಚೀಲ ಮಾತ್ರ ಭದ್ರವಾಗಿ ಹಿಡಿದಿದ್ದರು. ಏನದು ಅಂದರೆ, "ಇರಲಿ ಬಿಡಿ" ಅಂದರು.

ಮಂಟಪದ ತುಂಬ ಬಿಳಿಯೋ ಬಿಳಿ. ತಾಂಬೂಲದ ತಟ್ಟೆ ಬದಲಾಯಿಸುವ ಹೊತ್ತು ಹತ್ತಿರವಾಯಿತು. ಅಡುಗೆಯವನು ಏನೋ ಕೇಳಲು ಕರೆದನೆಂದು ಚಿಕ್ಕಮಾವ ಒಳಗೆ ಹೋದರು. ಅಷ್ಟರಲ್ಲಿ ಚಿಕ್ಕತ್ತೆ ಹೆಂಗಸರ ಗುಂಪಿನಿಂದ ಎದ್ದು, ಗಂಡಸರ ನಡುವೆ ನಡೆದುಹೋಗಿ, ಒಬ್ಬರ ತೋಳು ಹಿಡಿದು, ನಮಗೆಲ್ಲ ಕೇಳುವಂತೆ ಹೇಳಿದರು. "ಸಾಕು, ಈ ವೇಷ್ಟಿ ಬಿಚ್ಚಾಕಿ. ನಂಗೆ ಆಗ್ತಾ ಇಲ್ಲ."

ಅವರು ಹಿಡಿದಿದ್ದು ಹುಡುಗನ ಅಪ್ಪನ ತೋಳು!

ನಾದಸ್ವರದವನೂ ಊದುವುದನ್ನು ನಿಲ್ಲಿಸಿದ. ಬೀಗರು ತೋಳು ಬಿಡಿಸಿಕೊಂಡು, "ಏನಮ್ಮ ಇದು?" ಅಂದರು. ಆ ದನಿ ಕೇಳಿದ್ದೇ ಚಿಕ್ಕತ್ತೆ ಬಿಳಿಚಿಕೊಂಡರು. ಯಾವ ಕಡೆ ತಿರುಗಬೇಕೆಂದು ತಿಳಿಯದೆ, ಕೈ ಗಾಳಿಯಲ್ಲಿ ಚಾಚಿಕೊಂಡು ಅಲ್ಲೇ ನಿಂತರು. ಅವರು ಗಾಳಿಯಲ್ಲಿ ತಡಕುವುದನ್ನು ನಾನು ನೋಡಿದ್ದು ಅದೇ ಮೊದಲು.

ಚಿಕ್ಕಮಾವ ಓಡಿ ಬಂದು ಆ ಕೈ ಹಿಡಿದುಕೊಂಡರು.

"ಮನ್ನಿಸಬೇಕು. ಅವಳಿಗೆ ಕಣ್ಣು ಮಂಜು. ಹತ್ತಿರ ಒಂಚೂರು ಕಾಣುತ್ತೆ, ದೂರದಲ್ಲಿ ಢಾಳ ಬಣ್ಣ ಮಾತ್ರ. ಒಂದ್ಸಲ ಅನ್ನೂರು ಬಸ್ ಸ್ಟ್ಯಾಂಡಲ್ಲಿ ನಾನು ಬಿಳೀಲಿದ್ದೆ, ಇವಳು ಯಾರದೋ ಬಿಳಿ ವೇಷ್ಟಿ ಹಿಂದೆ ಹೋಗಿ ಮಧ್ಯಾಹ್ನವೆಲ್ಲ ಅಳ್ತಾ ಕೂತಿದ್ಲು. ಆವತ್ತಿಂದ ಹಿಂಗೆ ಉಡ್ತೀನಿ. ಕಣ್ಣಿನ ವಿಷಯ ಗೊತ್ತಾದ್ರೆ ಮಗಳಿಗೂ ಬರುತ್ತೆ ಅಂತಾರೆ, ಮದುವೆ ಆಗಲ್ಲ, ಯಾರಿಗೂ ಹೇಳಬೇಡಿ ಅಂತ ಇವಳು ಆಣೆ ಹಾಕಿಸಿಕೊಂಡಿದ್ಲು. ನನ್ನನ್ನ ಕೋಮಾಳಿ, ಕೋಡಂಗಿ ಅಂದ್ರೆ ಅದು ನನ್ನ ಲುಂಗೀಗೇ ನಿಲ್ಲುತ್ತೆ. ಅವಳ ಕಣ್ಣಿನ ಮಾತು ಬಂದ್ರೆ ಅದು ಹುಡುಗಿ ತನಕ ಹೋಗುತ್ತೆ. ಈಗ ಹೇಳಿಬಿಟ್ಟೆ. ಇನ್ನು ನಿಮ್ಮ ಇಷ್ಟ."

ಸುಧಾ ನೆಲ ನೋಡುತ್ತಿದ್ದಳು. ಅವಳಿಗೂ ಗೊತ್ತಿರಲಿಲ್ಲ. ನಾವು ಒಂದೇ ಮನೆಯಲ್ಲಿ ಉಂಡು ಮಲಗಿದವರು, ನಮಗ್ಯಾರಿಗೂ ಗೊತ್ತಿರಲಿಲ್ಲ.

ಬೀಗರು ತಮ್ಮ ವೇಷ್ಟಿ ನೋಡಿಕೊಂಡರು. ಆಮೇಲೆ ಸುತ್ತಲಿನವರದನ್ನು ನೋಡಿದರು. "ಎಲ್ಲರೂ ಒಂದೇ ಥರ ನಿಂತ್ಕೊಂಡ್ರೆ ಆಯಮ್ಮ ಏನು ಮಾಡ್ತಾರೆ? ನಿಮ್ಮದು ತಂದಿದ್ದೀರಾ?" ಎಂದು ಕೇಳಿದರು. ಚಿಕ್ಕಮಾವ ಹಳದಿ ಚೀಲ ಎತ್ತಿ ತೋರಿಸಿದರು. "ಹೋಗಿ ಉಟ್ಕೊಂಡು ಬನ್ನಿ. ತಟ್ಟೆ ಆಮೇಲೆ ಬದಲಾಯಿಸೋಣ." ಚಿಕ್ಕಮಾವ ಚಿಕ್ಕತ್ತೆಯ ಕೈಯನ್ನು ನನ್ನ ಕೈಗೆ ಕೊಟ್ಟು ಹೋದರು.

ಒಣಮೆಣಸಿನಕಾಯಿ ಕೆಂಪು. ಅದೇ, ಬಸ್ಸು ನಿಲ್ಲಿಸಿದ್ದು. ಮಂಟಪದ ಆ ತುದಿಯ ಬಾಗಿಲಲ್ಲಿ ಚಿಕ್ಕಮಾವ ಬಂದು ನಿಂತು, ಅಭ್ಯಾಸದಂತೆ ಒಂದು ಸುತ್ತು ತಿರುಗಿದರು. ಯಾರೂ ನಗಲಿಲ್ಲ. ಚಿಕ್ಕತ್ತೆ ನನ್ನ ಕೈ ಬಿಟ್ಟು, ಅಷ್ಟು ಬಿಳಿಯ ನಡುವೆ ಯಾರನ್ನೂ ತಾಕದೆ, ನೆಟ್ಟಗೆ ಅವರ ಹತ್ತಿರ ನಡೆದುಹೋದರು. ನನಗೆ ಅಳು ತಡೆಯಲಾಗಲಿಲ್ಲ.

"ಎಲ್ಲಿ ಹೋಗಿದ್ರಿ ಇಷ್ಟೊತ್ತು?" ಎಂದು ಚಿಕ್ಕತ್ತೆ ಗದರಿದರು.

"ಇಲ್ಲೇ ಇದ್ದೆನಲ್ಲೇ" ಅಂದರು ಚಿಕ್ಕಮಾವ.