ಷಡ್ಡಕನಿಗಿಂತ ಎರಡು ಕಿಲೋ ಹಗುರ

"ಇಪ್ಪತ್ತನಾಲ್ಕು ದಿನ! ಬರೀ ಇಪ್ಪತ್ತನಾಲ್ಕು ದಿನ ಕೊಡು ನನಗೆ. ನಿಮ್ಮ ಭಾವನ ಕಾರು ನನ್ನ ಕಾರಿನ ಹೊಗೆ ಕುಡ್ಕೊಂಡು ಹಿಂದೆ ಬರಬೇಕು, ಹಾಗೆ ಮಾಡ್ತೀನಿ!"

ಹೀಗೆಂದು ಗರ್ಜಿಸಿ ತಕ್ಕಡಿ ಸಾಹೇಬರು ಊಟದ ಮೇಜನ್ನು ಗುದ್ದಿದರು. ಮೇಜಿಗೆ ಏನೂ ಆಗಲಿಲ್ಲ. ಸಾಹೇಬರು ಮಾತ್ರ ಯಾರಿಗೂ ಕಾಣದಂತೆ ಕೈ ಉಜ್ಜಿಕೊಂಡರು.

ತಕ್ಕಡಿ ಸಾಹೇಬರು ಎಂಬುದು ಅಂಗಡಿಯವರು ಪ್ರೀತಿಯಿಂದಲೋ ಭಯದಿಂದಲೋ ಇಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅವರದು ಇಪ್ಪತ್ತೆರಡು ವರ್ಷಗಳ ಇನ್ಸ್‌ಪೆಕ್ಟರಗಿರಿ. ಅವರ ಸ್ಕೂಟರ್ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಊರಿನ ತಕ್ಕಡಿಗಳೆಲ್ಲ ತಾವಾಗಿಯೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದವು. ಹತ್ತು ಗ್ರಾಂ ವ್ಯತ್ಯಾಸವನ್ನು ಕಣ್ಣಳತೆಯಲ್ಲೇ ಹಿಡಿಯಬಲ್ಲ ಆ ಮಹಾಪುರುಷರಿಗೆ ಕಾಣದೆ ಉಳಿದ ತೂಕವೆಂದರೆ ಲೋಕದಲ್ಲಿ ಒಂದೇ. ಅವರ ಸ್ವಂತದ್ದು.

ಗುದ್ದಿಗೆ ಕಾರಣ ಷಡ್ಡಕರು. ಹೆಂಡತಿಯ ಅಕ್ಕನ ಗಂಡ; ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಹತ್ತೊಂಬತ್ತು ವರ್ಷಗಳಿಂದ ಸಾಹೇಬರು ಈ ಮನುಷ್ಯನಲ್ಲಿ ಒಂದು ಕುಂದು ಹುಡುಕುತ್ತಿದ್ದರು. ತಲೆಯಲ್ಲಿ ಕೂದಲು ಹಾಗೇ ಇತ್ತು. ಹಾಡುವ ಕಂಠ ಚೆನ್ನಾಗಿತ್ತು. ಹೋಗಲಿ, ಡಾಕ್ಟರಲ್ಲವೇ, ಕೈಬರಹವಾದರೂ ಕೆಟ್ಟದಾಗಿರಬೇಡವೇ? ಅದೂ ಮುತ್ತು ಪೋಣಿಸಿದ ಹಾಗೆ! ಇಂಥ ಷಡ್ಡಕರು ಆ ಭಾನುವಾರ ಬೆಳಿಗ್ಗೆ ಬಂದದ್ದು ತಾವೇ ಮನೆಯಲ್ಲಿ ಕಟ್ಟಿದ ಕಾರಿನಲ್ಲಿ. ಕೆಂಪು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಆಕಾಶ. ಬಂದವರು ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿ ತಂದುಬಿಟ್ಟರು.

ಸಾಹೇಬರ ಹೆಂಡತಿ ಕೆದರಿದ ಕೂದಲಲ್ಲಿ, ಹೊಳೆಯುವ ಕಣ್ಣಲ್ಲಿ ಇಳಿದಳು. "ಏನು ಕಾರು ರೀ ಅದು! ಗಾಳಿ ಅಂದ್ರೆ ಗಾಳಿ! ಒಂದು ವರ್ಷ ಭಾನುವಾರ ಭಾನುವಾರ ಕೂತು ಭಾವ ಎಲ್ಲಾ ತಾವೇ ಮಾಡಿದ್ದಂತೆ."

"ಹಲ್ಲು ಕೀಳೋರಿಗೆ ಬಿಡುವು ಜಾಸ್ತಿ."

"ಮುಂದಿನ ತಿಂಗಳು ಮೋಟಾರ್ ಕ್ಲಬ್ಬಿನೋರು ಬೆಟ್ಟದ ರಸ್ತೇಲಿ ಸ್ಪರ್ಧೆ ಇಟ್ಟಿದ್ದಾರಂತೆ. ಮನೇಲೇ ಕಟ್ಟಿದ ಕಾರಿರಬೇಕು, ನಾನೂರು ಕಿಲೋ ಮೀರಬಾರದು, ಓಡಿಸೋರು ಆ ಮನೆಯೋರೇ ಆಗಿರಬೇಕು. ಭಾವ ಹೆಸರು ಕೊಟ್ಟಿದ್ದಾರೆ."

"ಕೊಡಲಿ."

"ನಿಮಗೆ ಹೊಟ್ಟೆಕಿಚ್ಚು."

"ನನಗಾ? ಹೊಟ್ಟೆಕಿಚ್ಚಾ? ಆ ಡಬ್ಬ ನೋಡಿ?" ಎಂದವರೇ ಸಾಹೇಬರು ಮೇಲೆ ಹೇಳಿದ ಗುದ್ದು ಗುದ್ದಿದರು.

ಮರುದಿನವೇ ಕೆಲಸ ಶುರು! ಮನೆಯ ಪಕ್ಕದ ಶೆಡ್ಡಿನಲ್ಲಿ ಹೆಂಡತಿಯ ವ್ಯಾನ್ ನಿಲ್ಲುತ್ತಿತ್ತು. ಆಕೆ ಶಾಲಾ ವ್ಯಾನ್ ಓಡಿಸುವವಳು. ದಿನಕ್ಕೆರಡು ಬಾರಿ ಹದಿನೆಂಟು ಮಕ್ಕಳನ್ನು ತುಂಬಿಕೊಂಡು, ಊರಿನ ಅತ್ಯಂತ ಇಕ್ಕಟ್ಟಿನ ಗಲ್ಲಿಗಳಲ್ಲಿ ಗೋಡೆಗೆ ಒಂದು ಗೀರೂ ತಾಗಿಸದೆ ಬರುವಾಕೆ. ಆ ವ್ಯಾನ್ ಬಿಸಿಲಿಗೆ ಹೋಯಿತು. ಶೆಡ್ಡಿಗೆ ಗುಜರಿಯಿಂದ ಒಂದು ಮುದಿ ಕಾರು ಬಂತು; ಹಿಂಭಾಗ ನುಜ್ಜುಗುಜ್ಜಾಗಿದ್ದರೂ ಇಂಜಿನ್ನು, ಗೇರು, ಚಕ್ರಗಳು ನೆಟ್ಟಗಿದ್ದವು. ಅವನ್ನು ಬಿಚ್ಚಿಕೊಂಡು, ಚೌಕ ಪೈಪಿನ ಹೊಸ ಚೌಕಟ್ಟಿನಲ್ಲಿ ಕೂರಿಸಿ, ಮೇಲೆ ತೆಳ್ಳನೆಯ ಅಲ್ಯೂಮಿನಿಯಂ ತಗಡು ಹೊದಿಸಿದರಾಯಿತು ಎಂಬುದು ಸಾಹೇಬರ ಯೋಜನೆ. ಕಾಗದದ ಮೇಲೆ ಅದು ಮುಕ್ಕಾಲು ಗಂಟೆಯಲ್ಲಿ ಮುಗಿದಿತ್ತು.

ಬೆಸುಗೆಗೆ ಸಿಕ್ಕವನು ಪಕ್ಕದ ಬೀದಿಯ ಗ್ರಿಲ್ ಮೇಸ್ತ್ರಿ. ಮೂವತ್ತು ವರ್ಷ ಕಿಟಕಿ ಗ್ರಿಲ್ಲು, ಗೇಟು ಬಿಟ್ಟು ಬೇರೇನೂ ಮಾಡದ ಕೈ ಅವನದು. ನಾಲ್ಕನೆಯ ದಿನ ಸಾಹೇಬರು ಕಚೇರಿಯಿಂದ ಬಂದು ನೋಡುತ್ತಾರೆ, ಕಾರಿನ ಚೌಕಟ್ಟಿನ ಎರಡೂ ಮಗ್ಗುಲಲ್ಲಿ ಒಂದೊಂದು ಕಬ್ಬಿಣದ ಹೂವು ಅರಳಿದೆ!

"ಏನಯ್ಯಾ ಇದು?"

"ಖಾಲಿ ಖಾಲಿ ಕಾಣ್ತಿತ್ತು ಸಾರ್."

"ಕಾರಿಗೆ ಹೂವು ಬೇಡ ಮಾರಾಯ! ತೂಕ! ತೂಕ!"

ಹೂವುಗಳನ್ನು ಕತ್ತರಿಸಿ ತೂಗಲಾಯಿತು. ಒಂದು ಕಿಲೋ ಇನ್ನೂರು ಗ್ರಾಂ. ಅಂದಿನಿಂದ ಸಾಹೇಬರಿಗೆ ತೂಕದ ಹುಚ್ಚು ನೆತ್ತಿಗೇರಿತು. ಕೈಗೆ ಸಿಕ್ಕಿದ್ದಕ್ಕೆಲ್ಲ ತೂತು! ಪೆಡಲಿಗೆ ತೂತು, ಗೇರು ಹಿಡಿಕೆಗೆ ತೂತು, ಕನ್ನಡಿ ಹಿಡಿಯುವ ಪಟ್ಟಿಗೆ ತೂತು. ಡ್ರಿಲ್ಲು ಹಿಡಿದು ಅವರು ಒಳಗೆ ಬಂದರೆ ಹೆಂಡತಿ ಪಾತ್ರೆಗಳ ಮುಂದೆ ಅಡ್ಡ ನಿಲ್ಲುತ್ತಿದ್ದಳು.

"ಅದು ಮುಚ್ಚಳ ರೀ! ಕಾರಿನದ್ದಲ್ಲ!"

"ಗೊತ್ತು, ಸುಮ್ಮನೆ ನೋಡ್ತಿದ್ದೆ. ಇಷ್ಟು ಭಾರ ಯಾಕಿದೆ ಇದು?"

ಶತ್ರುವಿನ ತೂಕ ತಿಳಿಯದೆ ಯುದ್ಧವೆಂಥದ್ದು? ಹತ್ತನೆಯ ದಿನ ಸಾಹೇಬರು ಇಲ್ಲದ ಹಲ್ಲುನೋವು ತಂದುಕೊಂಡು ಷಡ್ಡಕರ ಕ್ಲಿನಿಕ್ಕಿಗೆ ಹೋದರು. ಷಡ್ಡಕರು ದೀಪ ಹಾಕಿ, ಬಾಯೊಳಗೆ ಕನ್ನಡಿ ತೂರಿಸಿ, "ನೀವೂ ಏನೋ ಕಾರು ಕಟ್ತಿದ್ದೀರಂತೆ? ಬಹಳ ಸಂತೋಷ ತಮ್ಮಾ" ಎಂದರು. ಆ ಸಂತೋಷ ನಿಜವಾದದ್ದು ಎಂಬುದೇ ಸಾಹೇಬರಿಗೆ ತಡೆಯಲಾಗಲಿಲ್ಲ.

"ಆ... ಊಕ ಎಟ್ಟು?"

"ನನ್ನ ಕಾರಿನ ತೂಕಾನಾ? ಸರಿಯಾಗಿ ನಾನೂರು. ಬಾಯಿ ದೊಡ್ಡದಾಗಿ ತೆಗೀರಿ. ಅರೆ, ನಿಮಗೆ ನಿಜವಾಗ್ಲೂ ಹುಳುಕು ಇದೆಯಲ್ಲ!"

ಮುಂದಿನ ಅರ್ಧ ಗಂಟೆ ಷಡ್ಡಕರು ಡ್ರಿಲ್ಲು ಹಿಡಿದರು. ಮನೆಯಲ್ಲಿ ಸಿಕ್ಕಸಿಕ್ಕಿದ್ದಕ್ಕೆಲ್ಲ ತೂತು ಕೊರೆದವರು ಅಲ್ಲಿ ಬಾಯಿ ತೆರೆದು ಕೊರೆಸಿಕೊಂಡರು. ಆದರೇನು, ಗುಟ್ಟು ಸಿಕ್ಕಿತ್ತು! ಮರಗಟ್ಟಿದ ಬಾಯಲ್ಲೇ ಮನೆಗೆ ಬಂದು ಘೋಷಿಸಿದರು: "ಉನ್ನೂರ ಒಂಬತ್ತೆಂಟು!"

"ಏನು?"

"ಮುನ್ನೂರ ತೊಂಬತ್ತೆಂಟು! ನನ್ನ ಕಾರು ಅವನಿಗಿಂತ ಎರಡು ಕಿಲೋ ಹಗುರ ಇರುತ್ತೆ!"

ಆ ಎರಡು ಕಿಲೋಗಾಗಿ ಸಾಹೇಬರು ಮಾಡಿದ ತ್ಯಾಗ ಒಂದೆರಡಲ್ಲ. ಸೀಟನ್ನು ಹಿಂದೆ ಮುಂದೆ ಸರಿಸುವ ಕಬ್ಬಿಣದ ಹಳಿಗಳಿರುತ್ತವಲ್ಲ, ಅವು ಮೂರೂವರೆ ಕಿಲೋ. ತೆಗೆ ಅದನ್ನ! ಸೀಟನ್ನು ನೆಲಕ್ಕೇ ಬೆಸೆದುಬಿಡು. ಸ್ಟೀರಿಂಗನ್ನು ಮೇಲೆ ಕೆಳಗೆ ಮಾಡುವ ಕೀಲು? ತೆಗೆ ಅದನ್ನೂ, ಒಂದೇ ಜಾಗದಲ್ಲಿ ನಿಲ್ಲಿಸು. ಬಾಗಿಲು? ಬೇಡವೇ ಬೇಡ, ಮೇಲಿನಿಂದ ಇಳಿದರಾಯಿತು.

ಹಾಗೆ ಬೆಸೆಯುವ ಮೊದಲು ಯಾರಾದರೂ ಸೀಟಿನಲ್ಲಿ ಕೂತು, ಕಾಲು ಪೆಡಲಿನ ಮೇಲಿಟ್ಟು, ಕೈ ಸ್ಟೀರಿಂಗ್ ಚಕ್ರದ ಮೇಲಿಟ್ಟು ಅಳತೆ ಕೊಡಬೇಕಲ್ಲ. ಸಾಹೇಬರೇ ಕೂತರೆ ಟೇಪು ಹಿಡಿಯುವವರು ಯಾರು? ಮೇಸ್ತ್ರಿಯ ಅಳತೆಯನ್ನು ಅವರು ನಂಬುವವರಲ್ಲ. ಅಳತೆ ಅವರ ಇಲಾಖೆ! ಆದ್ದರಿಂದ ಪ್ರತಿದಿನ ಸಂಜೆ ಮಕ್ಕಳನ್ನು ಇಳಿಸಿ ಬಂದ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ ತಾವು ನೆಲದ ಮೇಲೆ ಮಲಗುತ್ತಿದ್ದರು.

"ಇನ್ನೂ ಎಷ್ಟೊತ್ತು ರೀ?"

"ಅಲ್ಲಾಡಬೇಡ. ಮೊಣಕಾಲಿಗೂ ಚಕ್ರಕ್ಕೂ ಎಷ್ಟಿದೆ? ನಾಲ್ಕು ಬೆರಳು. ಸಾಕು. ಬೆಸಿ ಮೇಸ್ತ್ರಿ!"

ಮೇಸ್ತ್ರಿ ಬೆಸುಗೆಯ ಮುಖವಾಡ ಎತ್ತಿ ಒಮ್ಮೆ ಸೀಟಿನಲ್ಲಿದ್ದ ಅಮ್ಮನವರನ್ನು ನೋಡಿದ. ಒಮ್ಮೆ ನೆಲದ ಮೇಲೆ ಗುಡ್ಡದಂತೆ ಏಳುತ್ತ ಇಳಿಯುತ್ತಿದ್ದ ಸಾಹೇಬರ ಹೊಟ್ಟೆಯನ್ನು ನೋಡಿದ. "ಸಾರ್, ಓಡಿಸೋರು ಯಾರು?"

"ಇನ್ಯಾರಯ್ಯಾ? ನಾನೇ!"

"ಅಲ್ಲ ಸಾರ್, ನಿಮ್ಮ ಹೊಟ್ಟೆ..."

"ನನ್ನ ಹೊಟ್ಟೆ ಲೆಕ್ಕಕ್ಕಿಲ್ಲ. ಓಡಿಸೋರನ್ನ ಬಿಟ್ಟು ನಾನೂರು ಕಿಲೋ ಅಂತ ನಿಯಮ ಇದೆ. ನೀನು ಬೆಸಿ!"

ಮೇಸ್ತ್ರಿ ಬೆಸೆದ.

ಇಂಜಿನ್ನು ಉಸಿರಾಡಿದ್ದು ಇಪ್ಪತ್ತಮೂರನೆಯ ದಿನ ಸಂಜೆ ಐದೂವರೆಗೆ. ಆಗಲೂ ಸೀಟಿನಲ್ಲಿದ್ದವಳು ಹೆಂಡತಿಯೇ. "ಮೂಲೆ ತನಕ ಹೋಗಿ ಬರ್ಲಾ?" ಎಂದವಳು ಉತ್ತರಕ್ಕೂ ಕಾಯದೆ ಹೋಗಿ, ತಿರುಗಿಸಿಕೊಂಡು ಬಂದಳು. ಸಾಹೇಬರು ಪಕ್ಕದಲ್ಲಿ ಓಡಿ ಓಡಿ ಏದುಸಿರು ಬಿಟ್ಟರು. ಆಮೇಲೆ ತೂಗಿದರು. ಕಚೇರಿಯಿಂದ ತಂದ ತಕ್ಕಡಿ ಸುಳ್ಳು ಹೇಳುವುದಿಲ್ಲ: ಮುನ್ನೂರ ತೊಂಬತ್ತೆಂಟು! ಕಣ್ಣಲ್ಲಿ ನೀರೇ ಬಂತು. ನಾನು ಕೂತು ನೋಡುವುದು ನಾಳೆ ಇದ್ದೇ ಇದೆಯಲ್ಲ ಎಂದುಕೊಂಡರು.

ನಾಳೆ ಬಂತು. ವ್ಯಾನಿನ ಹಿಂದೆ ಕಾರನ್ನು ಕಟ್ಟಿಕೊಂಡು, ಮೇಸ್ತ್ರಿಯನ್ನೂ ಹತ್ತಿಸಿಕೊಂಡು ಬೆಟ್ಟದ ಬುಡ ತಲುಪಿದರು. ಹನ್ನೊಂದು ಕಾರುಗಳು ಸಾಲಾಗಿ ನಿಂತಿದ್ದವು. ಷಡ್ಡಕರು ಬಿಳಿ ಕೈಗವಸು ತೊಟ್ಟು ಸಿನಿಮಾದವರ ಹಾಗೆ ಕಾಣುತ್ತಿದ್ದರು. ಅವರ ಹೆಂಡತಿ ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಕ್ಲಬ್ಬಿನ ತಪಾಸಣೆಯವನು ಬಂದ. "ಓಡಿಸೋರು ಒಳಗೆ ಕೂತು ತೋರಿಸಿ."

ಸಾಹೇಬರು ಬಲಗಾಲು ಇಳಿಸಿದರು. ಎಡಗಾಲು ಇಳಿಸಿದರು. ಅಲ್ಲಿಗೆ ಪ್ರವೇಶ ಮುಗಿಯಿತು! ಹೊಟ್ಟೆ ಸ್ಟೀರಿಂಗ್ ಚಕ್ರದ ಮೇಲೆ ಕೂತುಬಿಟ್ಟಿತು. ಉಸಿರು ಎಳೆದರು, ಬಿಟ್ಟರು, ಓರೆಯಾದರು. ಹಾರ್ನ್ ಮಾತ್ರ ಪೀಂ ಎಂದು ಒದರಿತು.

"ಏನಾಯ್ತು ತಮ್ಮಾ?" ಷಡ್ಡಕರು ಕೂಗಿದರು.

"ಏನಿಲ್ಲ! ಹಾರ್ನ್ ನೋಡ್ತಿದ್ದೆ!" ಸಾಹೇಬರು ಮೇಲೆದ್ದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು. "ಯಾಕೋ ಸೊಂಟ ಹಿಡ್ಕೊಂಡಿದೆ ಕಣೇ."

ಹೆಂಡತಿ ಚಕ್ರವನ್ನು ನೋಡಿದಳು, ಹೊಟ್ಟೆಯನ್ನು ನೋಡಿದಳು. "ಸೊಂಟ ಮುಂದೆ ಬಂದಿದೆಯಾ? ಹೆಲ್ಮೆಟ್ಟು ಕೊಡಿ ಇಲ್ಲಿ."

ಆಕೆ ಕೈಗವಸಿನೊಳಗೆ ಕೈ ಹೊಕ್ಕಂತೆ ಕಾರಿನೊಳಗೆ ಇಳಿದಳು. ಆಮೇಲೆ ನಡೆದದ್ದನ್ನು ಬೆಟ್ಟದ ತಿರುವುಗಳೇ ಹೇಳಬೇಕು. ಹದಿನೆಂಟು ಮಕ್ಕಳ ಕಿರುಚಾಟದ ನಡುವೆ ಎಮ್ಮೆಯಂಥ ವ್ಯಾನನ್ನು ಪಳಗಿಸಿದ ಕೈಗೆ ಈ ಮುನ್ನೂರ ತೊಂಬತ್ತೆಂಟು ಕಿಲೋ ಯಾವ ಲೆಕ್ಕ! ಫಲಿತಾಂಶ ಬಂತು: ಸಾಹೇಬರ ಕಾರಿಗೆ ಮೂರನೆಯ ಸ್ಥಾನ. ಷಡ್ಡಕರಿಗೆ ನಾಲ್ಕನೆಯದು! ಮೊದಲೆರಡು ಯಾರಿಗೆ ಬಂದವೆಂದು ಸಾಹೇಬರಿಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ.

ಅದಕ್ಕಿಂತ ದೊಡ್ಡ ಬಹುಮಾನ ಇನ್ನೂ ಬಾಕಿಯಿತ್ತು. ಷಡ್ಡಕರ ಹೆಂಡತಿ ಕಾರಿನೊಳಗೆ ಬಗ್ಗಿ ನೋಡಿ ಉದ್ಗರಿಸಿದರು. "ಸೀಟು, ಪೆಡಲು, ಸ್ಟೀರಿಂಗು... ಎಲ್ಲಾ ನಿನ್ನ ಅಳತೆಗೇ ಮಾಡಿಸಿದ್ದಾರಲ್ಲೇ!" ಆಮೇಲೆ ಗಂಡನ ಕಡೆ ತಿರುಗಿದರು. "ನೋಡಿ ಕಲೀರಿ! ಒಂದು ವರ್ಷ ಕೂತು ಕಟ್ಟಿದ್ರಿ, ನನ್ನ ಕೈಗೆ ಕೊಟ್ಟಿದ್ದು ನೀರಿನ ಬಾಟ್ಲು. ಅವರು ಹೆಂಡತಿಗೆ ಅಂತಲೇ ಕಾರು ಕಟ್ಟಿದ್ದಾರೆ!"

ಷಡ್ಡಕರ ಮುಖ ಸಪ್ಪಗಾಯಿತು. ಅವರ ಕಣ್ಣಲ್ಲಿ ಸಣ್ಣಗೆ ಏನೋ ಉರಿಯಿತು. ಅದು ಏನೆಂದು ಸಾಹೇಬರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹತ್ತೊಂಬತ್ತು ವರ್ಷ ಕನ್ನಡಿಯಲ್ಲಿ ಅದನ್ನೇ ನೋಡಿದ್ದರು. ಆಹಾ! ಬೇರೆಯವರ ಮುಖದಲ್ಲಿ ಅದೆಷ್ಟು ಚೆಂದ!

"ಹೆಂಡತಿಗಿಂತ ಹೆಚ್ಚೇನಿದೆ ಹೇಳಿ?" ಎಂದರು ಸಾಹೇಬರು, ನಾಚಿಕೆಯಿಲ್ಲದೆ. "ಮೊದಲ ದಿನವೇ ನಿರ್ಧಾರ ಮಾಡಿದ್ದೆ." ಹೆಂಡತಿ ಅವರನ್ನೇ ನೋಡಿದಳು. ಬಾಯಿ ಬಿಡಲಿಲ್ಲ, ಪುಣ್ಯಾತ್ಗಿತ್ತಿ.

ಅಲ್ಲಿಗೇ ನಿಲ್ಲಿಸಿದ್ದರೆ ಸಾಹೇಬರು ಬದುಕಿಡೀ ಗೆದ್ದವರಾಗಿ ಉಳಿಯುತ್ತಿದ್ದರು. ಆದರೆ ಅಷ್ಟರಲ್ಲಿ ಪತ್ರಿಕೆಯ ಫೋಟೋಗ್ರಾಫರ್ ಬಂದ. "ಸಾರ್, ಕಾರು ಕಟ್ಟಿದವರದ್ದೂ ಒಂದು ಫೋಟೋ. ಒಳಗೆ ಕೂತ್ಕೊಳ್ಳಿ."

"ಬೇಡ ಬೇಡ, ಸೊಂಟ..."

"ಸಂಕೋಚ ಮಾಡ್ಕೋಬೇಡಿ ತಮ್ಮಾ! ಈ ದಿನ ನಿಮ್ಮದು!" ಎಂದು ಷಡ್ಡಕರು ಒಂದು ತೋಳು ಹಿಡಿದರು, ಗ್ರಿಲ್ ಮೇಸ್ತ್ರಿ ಇನ್ನೊಂದು ಹಿಡಿದ. ಬೆಳಿಗ್ಗೆ ಒಬ್ಬರೇ ಮಾಡಲಾಗದ್ದನ್ನು ಇಬ್ಬರು ಸೇರಿ ಮೇಲಿನಿಂದ ಒತ್ತಿ ಮಾಡಿಬಿಟ್ಟರು. ಬುಸ್ಸೆಂದು ಸಾಹೇಬರು ಒಳಗೆ ಹೋದರು, ಬಾಟಲಿಗೆ ಬಿರಡೆ ಹೋದ ಹಾಗೆ. ಹಾರ್ನ್ ಒದರಲು ಶುರುಮಾಡಿತು; ನಿಲ್ಲಲಿಲ್ಲ.

"ತೆಗೀರಿ! ನನ್ನನ್ನ ತೆಗೀರಿ!"

ಮೇಸ್ತ್ರಿ ಎಳೆದ, ಆಗಲಿಲ್ಲ. ಹೆಂಡತಿ ಎಳೆದಳು, ಆಗಲಿಲ್ಲ. ಷಡ್ಡಕರು ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ತೋಳು ಮಡಚಿ, ಒಂದು ಕಾಲನ್ನು ಕಾರಿನ ಅಂಚಿಗೆ ಊರಿ, ಸಾಹೇಬರ ಕಂಕುಳಿಗೆ ಕೈ ಹಾಕಿದರು.

"ಬಾಯಿ ತೆಗೀರಿ. ಆ... ಅನ್ನಿ."

"ಬಾಯಿ ಯಾಕೆ?"

"ಅಭ್ಯಾಸ. ಸ್ವಲ್ಪ ನೋವಾಗುತ್ತೆ, ಅಷ್ಟೇ."

ಎಡಕ್ಕೊಮ್ಮೆ ಅಲ್ಲಾಡಿಸಿದರು, ಬಲಕ್ಕೊಮ್ಮೆ ಅಲ್ಲಾಡಿಸಿದರು, ಒಂದೇ ಏಟಿಗೆ ಎಳೆದರು. ಸಾಹೇಬರು ಬೇರುಸಮೇತ ಹೊರಗೆ ಬಂದರು. ಜನ ಚಪ್ಪಾಳೆ ತಟ್ಟಿದರು.

ಮರುದಿನದ ಪತ್ರಿಕೆಯಲ್ಲಿ ಒಂದೇ ಚಿತ್ರ. ಮಧ್ಯದಲ್ಲಿ ಹಾರುವ ಕೂದಲಿನ ಷಡ್ಡಕರು. ಅವರ ತೋಳಿನಲ್ಲಿ ನೇತಾಡುವ ಒಂದು ದೊಡ್ಡ ಬೆನ್ನು. ಕೆಳಗೆ ಹೀಗೆ ಅಚ್ಚಾಗಿತ್ತು: "ಕುತೂಹಲದಿಂದ ಸ್ಪರ್ಧೆಯ ಕಾರಿನೊಳಗೆ ಇಳಿದು ಸಿಕ್ಕಿಹಾಕಿಕೊಂಡ ದಢೂತಿ ಪ್ರೇಕ್ಷಕರೊಬ್ಬರನ್ನು ಪಾರುಮಾಡಿದ ಖ್ಯಾತ ದಂತವೈದ್ಯರು."

ಹೆಂಡತಿ ಫೋನ್ ಕೈಗೆತ್ತಿಕೊಂಡಳು. "ಇದೆಂಥ ಅನ್ಯಾಯ ರೀ! ಪೇಪರಿನೋರಿಗೆ ಈಗಲೇ ಹೇಳ್ತೀನಿ. ಅವರು ಪ್ರೇಕ್ಷಕರಲ್ಲ, ಆ ಕಾರು ಕಟ್ಟಿದವರು, ನಮ್ಮ ಯಜಮಾನರು ಅಂತ. ತಿದ್ದುಪಡಿ ಹಾಕಲಿ, ಹೆಸರು ಸಮೇತ."

ಸಾಹೇಬರು ಹಾರಿ ಬಂದು ಅವಳ ಕೈ ಹಿಡಿದುಕೊಂಡರು. "ಬೇಡ ಕಣೇ! ನಿನ್ನ ದಮ್ಮಯ್ಯ! ಪ್ರೇಕ್ಷಕ ಅಂತಲೇ ಇರಲಿ! ಮುಖ ಕಾಣ್ತಿಲ್ಲವಲ್ಲ, ಅದೇ ನನ್ನ ಭಾಗ್ಯ!"

ಅವಳು ಫೋನ್ ಕೆಳಗಿಟ್ಟಳು. ಪತ್ರಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಆದ್ರೂ ಏನೇ ಹೇಳಿ ರೀ," ಎಂದಳು, "ಭಾವಂದು ಎಂಥಾ ಹಿಡಿತ!"