ಮೊಮ್ಮಗಳ ಪರೀಕ್ಷೆ, ಮುತ್ಯಾನ ಕೈ

ಓದುಗರಿಗೆಲ್ಲ ನಮಸ್ಕಾರ. ನಾನು ಅಕ್ಷರ ಕಲಿತದ್ದೇ ಮೀಸೆ ಬಂದ ಮೇಲೆ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಡೀ ಹೈದರಾಬಾದಿನಲ್ಲಿ ನೆಟ್ಟಗೆ ಬರೆಯಲು ಬರುವುದು ಒಬ್ಬರಿಗೆ ಮಾತ್ರ! ಅವರೇ ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಹಾಗಂತ ಹೇಳುವವರೂ ಅವರೇ. ನಾಚಾರಂ ಫ್ಯಾಕ್ಟರಿಗಳ ಗೇಟಿಗೆ ಬೋರ್ಡು ಬರೆದು ಬರೆದು ಕೈ ಪಳಗಿಸಿದವರು. ಸೀರೆ ತರಲು ಸುಲ್ತಾನ್ ಬಜಾರಿಗೆ ಕರೆದೊಯ್ದರೆ ಅಂಗಡಿಯ ಬೋರ್ಡು ನೋಡುತ್ತ ನಿಲ್ಲುತ್ತಾರೆ. ಒಮ್ಮೆ ಒಬ್ಬ ಸೇಠನಿಗೆ ಅಂದರು: "ನಿಮ್ ಬೋರ್ಡಿನ ಅಕ್ಷರಕ್ಕ ಸೊಂಟ ಮುರದೈತ್ರಿ, ದವಾಖಾನಿಗೆ ತೋರಸ್ರಿ!" ಸೇಠನಿಗೆ ಕನ್ನಡ ಬರುತ್ತಿತ್ತು. ಆ ದಿನ ನಾವು ಸೀರೆ ಇಲ್ಲದೆ ಮರಳಿದೆವು.

ಇಂಥ ಮುತ್ಯಾನ, ಅಂದರೆ ಅಜ್ಜನ, ಮೊಮ್ಮಗಳು, ಒಂದನೇ ಕ್ಲಾಸಿನ ನನ್ನ ಮಗಳು, ಬರೆಯಲು ಕೂತರೆ ಅಳುತ್ತಾಳೆ. ಅರ್ಧ ಸಾಲಿಗೆ ಅರ್ಧ ಗಂಟೆ! ಸೋಮಾರಿ ಎಂದು ಕ್ಲಾಸಿನಲ್ಲಿ ದಿನಾ ಬೈಗುಳ. ಹೀಗಿರುವಾಗ ಕೂಕಟ್‌ಪಲ್ಲಿಯ ಅವಳ ಶಾಲೆಗೆ ಒಬ್ಬರು ಮೇಡಂ ಟ್ಯಾಬ್ ತಂದರು. ಮಗು ಆ ಗಾಜಿನ ಮೇಲೆ ಪೆನ್ನಿನಿಂದ ಬರೆದರೆ ಸಾಕಂತೆ. ಎಷ್ಟು ಒತ್ತಿತು, ಎಲ್ಲಿ ತಡವರಿಸಿತು ಎಲ್ಲ ಅಳೆದು, ಯಾವ ಮಗುವಿಗೆ ಬರೆಯುವುದು ಕಷ್ಟ ಎಂದು ಹೇಳುತ್ತದಂತೆ. ಅಂಥ ಮಕ್ಕಳಿಗೆ ಬೈಗುಳದ ಬದಲು ಬೇರೆ ತರಬೇತಿ.

ನನಗೆ ಡ್ಯೂಟಿ ಇತ್ತು. ಮಾವನವರೇ ಕರೆದುಕೊಂಡು ಹೋದರು. ಮರಳುವಾಗ ಕೈಯಲ್ಲಿ ಪೇಡಾ ಡಬ್ಬಿ!

"ಅಳಿಯಾರ, ಕೂಸು ಪಾಸ್! ಏನೂ ತೊಂದರಿ ಇಲ್ಲಂತ ಮಷೀನೇ ಹೇಳೇತಿ."

"ಅದ್ಹ್ಯಾಂಗ್ರಿ ಮಾವಾರ? ಮನ್ಯಾಗ ಒಂದ್ ಸಾಲೂ ಮುಗಸಂಗಿಲ್ಲ!"

"ಕೈಗುಣ ರೀ, ಕೈಗುಣ! ಯಾರ ಮೊಮ್ಮಗಳು?"

ಮಗಳು ಮೆಲ್ಲಗೆ ಅಂದಳು: "ಮುತ್ಯಾ ನನ್ನ ಕೈ ಹಿಡದು ಬರದ. ಮೇಡಂ ಆ ಕಡಿ ನೋಡಾಕತ್ತಿದ್ರು."

ಅಯ್ಯೋ! ಪಾಸಾದದ್ದು ಎಪ್ಪತ್ತು ವರ್ಷದ ಕೈ! ಇನ್ನು ಮಗಳಿಗೆ ತರಬೇತಿ ಇಲ್ಲ, ಬೈಗುಳ ಮಾತ್ರ ತಪ್ಪಿದ್ದಲ್ಲ. ನಾನು ರೇಗಿದೆ. ಮಾವ ಊಟಕ್ಕೂ ಏಳದೆ ತಮ್ಮ ಅಂಗೈ ನೋಡುತ್ತ ಕೂತುಬಿಟ್ಟರು.

ಮರುದಿನ ನನ್ನನ್ನೂ ಎಳೆದುಕೊಂಡು ಶಾಲೆಗೆ ಹೊರಟರು. ಪುಣ್ಯಕ್ಕೆ ಮೇಡಂ ಬೀದರ್ ಕಡೆಯವರು, ಕನ್ನಡ ಬಲ್ಲವರು.

"ತಪ್ಪಾತ್ರಿ ಮೇಡಂ. ನಿನ್ನಿ ಬರದವ ನಾನು. ಇನ್ನೊಮ್ಮೆ ಕೂಸಿನ ಕೈಲೇ ಬರಸ್ರಿ."

"ಯಾಕ್ರಿ ಅಜ್ಜಾರ, ನಿನ್ನಿ ಭಾಳ ಖುಷಿ ಆಗಿದ್ರಲ್ಲ?"

"ಕೈ ಹಿಡದಾಗ ಗೊತ್ತಾತ್ರಿ. ಪೆನ್ನ ಎಷ್ಟು ಬಿಗಿ ಹಿಡದಿತ್ತಂದ್ರ, ಬೆರಳು ನಡಗಾಕತ್ತಿದ್ದವು. ಕೂಸು ಸೋಮಾರಿ ಅಲ್ರಿ, ದಣದೈತಿ. ನಾನೂ ಮನ್ಯಾಗ ಭಾಳ ಬೈದೀನ್ರಿ..."

ಮಗಳು ಒಬ್ಬಳೇ ಬರೆದಳು. ಮಾವ ಬಾಗಿಲಾಚೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ತೊಂದರೆ ಇರುವಂತೆ ಕಾಣುತ್ತದೆ, ಸೋಮವಾರದಿಂದಲೇ ತರಬೇತಿ ಶುರು ಮಾಡೋಣ ಎಂದರು ಮೇಡಂ.

"ಮುತ್ಯಾ, ಅಕ್ಷರ ಚಂದ ಬಂದಿಲ್ಲಲ್ಲಾ?"

"ಒಬ್ಬಾಕಿನೇ ಬರದೀಯಲ್ಲವ್ವಾ!" ಎಂದು ಮಾವ ನೆಲಕ್ಕೇ ಕೂತು, ಅವಳ ಬೆರಳುಗಳನ್ನು ಒಂದೊಂದಾಗಿ ನೀವತೊಡಗಿದರು.

ನಿಮ್ಮ ಮನೆಯಲ್ಲೂ ಮಕ್ಕಳ ಪರೀಕ್ಷೆ ತಾವೇ ಬರೆದ ಹಿರಿಯರಿದ್ದಾರೆಯೇ? ಸಂಕೋಚ ಬೇಡ, ನಮಗೂ ಬರೆದು ತಿಳಿಸಿ.