ಸ್ಟೇಷನ್ ರಸ್ತೆಯಲ್ಲಿ ಮೂವರ ಚಿತ್ರಗಳು

ಚಿತ್ರ ಗೋಡೆಗೆ ಏರಿದ ಮೇಲೆ ನೋಡಲು ಬಂದವರೇ ಚಿತ್ರಕ್ಕಿಂತ ಸ್ವಾರಸ್ಯವಾಗುತ್ತಾರೆ. ಡ್ರಾಯಿಂಗ್ ಮಾಸ್ತರನಾಗಿ ಇದನ್ನು ನಾನು ಬಹಳ ಸಲ ಕಂಡಿದ್ದೇನೆ.

ಲಡಾಯಿ ಇನ್ನೂ ನಡೆದಿತ್ತು. ನನ್ನ ಹತ್ತಿರ ಕಲಿತು, ಮುಂಬಯಿಯ ಚಿತ್ರಕಲಾ ಶಾಲೆಯಲ್ಲಿ ಪಾಸಾಗಿ ಬಂದ ಮೂವರು ಹುಡುಗರು ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಪ್ರದರ್ಶನ ಇಟ್ಟರು. ಅರಳೆ ವ್ಯಾಪಾರಿಯೊಬ್ಬರು ಅಂಗಡಿಯ ಮೇಲಿನ ದೊಡ್ಡ ಕೋಣೆ ಬಿಟ್ಟುಕೊಟ್ಟಿದ್ದರು. ಇಬ್ಬರಿಗೆ ಅದು ಹಬ್ಬ, ತಿಕೋಟಾದ ಹುಡುಗನಿಗೆ ಮಾತ್ರ ಪರೀಕ್ಷೆ. ಒಕ್ಕಲುತನದ ಮನೆ, ಒಬ್ಬನೇ ಮಗ. "ಕಡೇ ದಿನ ಬಂದು ನೋಡ್ತೀನಿ. ನೀ ಕುಂಚ ಹಿಡೀಬೇಕೋ ಕೂರಿಗಿ ಹಿಡೀಬೇಕೋ ಆವಾಗ ಹೇಳ್ತೀನಿ" ಎಂದು ತಂದೆ ಹೇಳಿ ಕಳಿಸಿದ್ದರು.

ಮೆಟ್ಟಿಲ ಕೆಳಗಿನ ಚಪ್ಪಲಿ

ಮೊದಲು ಬಂದವರು ರೂಢಿಯಂತೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು. ಹಿಂದೆ ಬಂದವರೂ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ರಸ್ತೆಯಲ್ಲಿ ಹೋಗುವವರು ಆ ರಾಶಿ ನೋಡಿ ಮೇಲೆ ಕೀರ್ತನೆ ಇದೆಯೆಂದು ಹತ್ತಿ ಬಂದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟರು. ಅವರ ತಲೆಯ ಮೇಲೆಯೇ ಚಿತ್ರಗಳು.

"ಕೀರ್ತನಿ ಇಲ್ಲರಿ. ಎದ್ದು ಅಡ್ಡಾಡಿ ಚಿತ್ರ ನೋಡಬೇಕು" ಎಂದೆ.

ಒಬ್ಬ ಹಿರಿಯರು ಕುಳಿತ ಜನರನ್ನೆಲ್ಲ ನೋಡಿ, "ಇಷ್ಟು ಮಂದೀನ ಯಾಕ ಎಬ್ಬಸ್ತೀರಿ, ಮಾಸ್ತರ? ನೀವ ಒಂದೊಂದು ಚಿತ್ರ ಹಿಡಕೊಂಡು ನಮ್ಮ ಮುಂದ ಹಾಯ್ರಿ" ಎಂದರು.

ಅರ್ಧ ಮುಖ

ಮೂವರಲ್ಲಿ ವಿಜಾಪುರದವನೇ ಆದ ಹುಡುಗ ಕೋಣೆ ಕೊಟ್ಟ ವ್ಯಾಪಾರಿಯ ಮುಖವನ್ನೇ ಬರೆದಿದ್ದ. ಒಂದು ಕೆನ್ನೆಗೆ ಕಿಟಕಿಯ ಬೆಳಕು, ಇನ್ನೊಂದು ಪೂರ್ತಿ ಕತ್ತಲು. ವ್ಯಾಪಾರಿ ಬಂದು ನೋಡಿದರು. ಸೀಮೆಎಣ್ಣೆ, ಬಟ್ಟೆ ಯಾವುದೂ ಸಿಗದ ಕಾಲ. ಹುಡುಗನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು:

"ಬಣ್ಣ ಸಿಗವಲ್ಲದು, ನಂಗೂ ಗೊತ್ತೈತಿ. ಏನ್ ಅವಸರಿಲ್ಲ. ಲಡಾಯಿ ಮುಗೀಲಿ, ಉಳಿದ ಬಾಜೂ ಬರಕೊಡು."

ದೂರದ ಮನೆ

ಬಬಲೇಶ್ವರದ ಹುಡುಗ ಇಟ್ಟಂಗಿಹಾಳ ಎಂಬ ಹಳ್ಳಿಯನ್ನು ಬರೆದಿದ್ದ. ಅಲ್ಲಿಂದ ಬಂದ ಮುದುಕಿಯೊಬ್ಬಳು ತನ್ನ ಮನೆಯನ್ನು ಗುರುತು ಹಿಡಿದು, "ನಮ್ಮ ಮನಿ ಇಷ್ಟು ಸಣ್ಣದ ಐತೇನೋ?" ಎಂದು ಕೇಳಿದಳು.

"ಸಣ್ಣದಲ್ಲಬೇ. ದೂರದಿಂದ ಹಂಗ ಕಾಣ್ತೈತಿ."

ಮುದುಕಿ ಅವನ ಒಣಗಿದ ಮುಖ ನೋಡಿದಳು. "ದೂರ ಯಾಕ ನಿಂತಿದ್ದಿ, ಯಪ್ಪಾ? ಮನಿತನಕ ಬಂದಿದ್ರ ಮಜ್ಜಿಗಿ ಕೊಡತಿದ್ದೆ."

ತಿಕೋಟಾದ ತೀರ್ಪು

ಕಡೆಯ ದಿನ ತಿಕೋಟಾದ ತಂದೆ ಬಂದರು. ಮಗ ಬರೆದದ್ದು ಅವರದೇ ಜೋಡೆತ್ತು. ನೋಡುವವರ ಎದುರಿಗೆ ನಡೆದು ಬರುತ್ತಿದ್ದವು. ಹುಡುಗ ಮೂಲೆಯಲ್ಲಿ ನಿಂತಿದ್ದ. ತಂದೆ ಬಹಳ ಹೊತ್ತು ನೋಡಿದರು. ಕರಿಯ ಎಂಬ ಎತ್ತಿನ ಹಣೆ ಸವರಲು ಕೈ ಚಾಚಿ, ಚಿತ್ರವೆಂದು ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಅವರ ಹುಬ್ಬು ಗಂಟಾಯಿತು.

"ಲೇ, ಕರಿಯನ್ನ ಬಲಕ ಹೂಡಿಯಲ್ಲ! ಅಂವ ಹೋರಿ ಇದ್ದಾಗಿಂದ ಎಡಕ ದುಡದಾಂವ."

ಹುಡುಗ ಬರೆದದ್ದು ಸರಿಯಾಗಿಯೇ ಇತ್ತು. ಎಡಗಡೆಯ ಎತ್ತು ಎದುರಿಗೆ ಬರುವಾಗ ನಮ್ಮ ಬಲಕ್ಕೆ ಕಾಣುತ್ತದೆ. ಆದರೆ ತಂದೆ ಆಯುಷ್ಯವೆಲ್ಲ ನೇಗಿಲು ಹಿಡಿದು ಎತ್ತುಗಳನ್ನು ಹಿಂದಿನಿಂದ ನೋಡಿದವರು. ನಾನು ಬಿಡಿಸಿ ಹೇಳಲು ಹೋದೆ: "ಹಂಗಲ್ರಿ, ಎತ್ತು..."

"ನೀವು ಅವನ ಕಡೆ ಮಾತಾಡಬ್ಯಾಡ್ರಿ, ಮಾಸ್ತರ. ಚಿತ್ರ ಚಲೋ ಬಂದೈತಿ. ಕಣ್ಣು ಖರೇನ ಕರಿಯನವ ಅದಾವು. ಆದ್ರ ಮನಿ ಎತ್ತಿನ ಎಡ ಬಲ ತಿಳೀದಾಂವನ ಕೈಯಾಗ ಹೊಲ ಕೊಟ್ಟು ನಾ ಹೆಂಗ ಕಣ್ಣು ಮುಚ್ಚಲಿ? ಇಂವ ಚಿತ್ರಾನ ಬರೀಲಿ. ಎತ್ತಾದ್ರೂ ಸುಖದಿಂದ ಇರ್ತಾವು."

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಹುಡುಗ ಬಂದು ಮೆಲ್ಲಗೆ ನನ್ನ ಕಾಲು ತುಳಿದ.

"ನೀವೇನೋ ಅನ್ನಾಕತ್ತಿದ್ರಿ?" ಎಂದರು ತಂದೆ.

"ಏನಿಲ್ಲರಿ" ಎಂದೆ. "ಕರಿಯನ್ನ ಎಡಕ್ಕ ಹೂಡಬೇಕಿತ್ತು."